ಜೇಡರಹುಳದ ತಾಳ

ಸರ್ಕಸ್ ಕಂಪನಿಯವರು ತಮ್ಮ ಇಟಲಿಯ ವಾದ್ಯಗಾರ ಗಯೆತಾನೊನನ್ನು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿಸಿ ಹೋದಾಗ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಜ್ವರದವನು ರೈಲಿನಲ್ಲೇ ಸತ್ತರೆ ಹುಬ್ಬಳ್ಳಿಯಲ್ಲಿ ಪ್ಲೇಗಿನ ಡಾಕ್ಟರು ಇಡೀ ಕಂಪನಿಯನ್ನು ತಡೆದು ಕೂರಿಸುತ್ತಾರೆಂದು ಮ್ಯಾನೇಜರು ಹೆದರಿದ್ದ. ಬೇವಿನ ಮರದ ಕೆಳಗೆ ಮಲಗಿಸಿ, ತಲೆಯ ಬಳಿ ಅವನ ವಾದ್ಯವನ್ನಿಟ್ಟು ಹೊರಟುಹೋದರು.

ಕಂಬಳಿ ಮೂಟೆಯನ್ನು ರೈಲಿಗೆ ಹಾಕಲು ಬಂದಿದ್ದ ಚಿಕ್ಕಬೀರಪ್ಪನ ಕಣ್ಣಿಗೆ ಬಿಳಿಯನಿಗಿಂತ ಮೊದಲು ಬಿದ್ದದ್ದು ಆ ವಾದ್ಯ. ನಮ್ಮ ದಮ್ಮಡಿಯ ಹಾಗೆಯೇ ಮರದ ಬಳೆಗೆ ಬಿಗಿದ ಮೇಕೆಚರ್ಮ. ಬಳೆಯ ಸೀಳುಗಳಲ್ಲಿ ಜೋಡಿ ಜೋಡಿ ತಗಡಿನ ಬಿಲ್ಲೆ. ಚಿಕ್ಕಬೀರಪ್ಪ ಊರಿನ ಡೊಳ್ಳಿನ ಮೇಳದ ಯಜಮಾನ. ಬಾರಿಸುವವನೊಬ್ಬನನ್ನು ಬಿಸಿಲಲ್ಲಿ ಸಾಯಲು ಬಿಡುವುದು ಅವನಿಂದಾಗಲಿಲ್ಲ. ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಅವನ ಹೆಂಡತಿ ಕರಿಬಸಮ್ಮ ತಿಂಗಳುಗಟ್ಟಲೆ ಗಂಜಿ ಕುಡಿಸಿ ಬದುಕಿಸಿದಳು.

ಊರವರು ಅವನನ್ನು ಗೈತಾನಪ್ಪ ಎಂದು ಕರೆದರು. ಆರೇಳು ವರ್ಷ ಮೈಸೂರು ಸೀಮೆ ಸುತ್ತಿದ್ದವನಿಗೆ ಮುರುಕು ಕನ್ನಡ ಬರುತ್ತಿತ್ತು. ಮೈ ಸುಧಾರಿಸಿದ ಮೇಲೆ ಸಂಜೆ ಮನೆ ಮುಂದೆ ಕೂತು ಮೇಳದವರಿಗೆ ತನ್ನ ಇಟಲಿಯ ತಾಳಗಳನ್ನು ತೋರಿಸತೊಡಗಿದ. ಹೆಬ್ಬೆರಳು, ಬೆರಳ ತುದಿ, ಅಂಗೈಯ ಬುಡ. ಮೂರು ಏಟು, ಮತ್ತೆ ಮೂರು ಏಟು, ನಡುವೆ ಉಸಿರಿಗೆ ಜಾಗವಿಲ್ಲ. ಡೊಳ್ಳಿನವರು ತಮ್ಮ ನಾಲ್ಕರ ನಡೆಯನ್ನು ಅದರ ಮೇಲೆ ಕೂರಿಸಿದರೆ ಎರಡೂ ಎಲ್ಲೆಲ್ಲೋ ಹೋಗಿ ಒಂದು ಕಡೆ ಸೇರುತ್ತಿದ್ದವು. ಸೇರಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು.

"ಇದು ನಮ್ಮದೂ ಅಲ್ಲ," ಎಂದಿದ್ದ ಗಯೆತಾನೊ. "ಅರಬರು ಹಡಗಿನಲ್ಲಿ ತಂದದ್ದು ಅಂತ ನನ್ನ ಅಜ್ಜಿ ಹೇಳುತ್ತಿತ್ತು."

ಎಲ್ಲರಿಗಿಂತ ಬೇಗ ಕಲಿತವನು ಚಿಕ್ಕಬೀರಪ್ಪನ ತಮ್ಮ ರೇವಣಪ್ಪ. "ಈ ತಾಳಾನ ಯಾತಕ್ಕೆ ಬಾರಿಸ್ತಾರಪ್ಪ ನಿಮ್ ಸೀಮೇಲಿ?" ಎಂದು ಅವನೇ ಒಂದು ದಿನ ಕೇಳಿದ.

ಗಯೆತಾನೊ ಹೇಳಿದ. ಗೋಧಿ ಕೊಯ್ಯುವಾಗ ಹೆಂಗಸರಿಗೆ ಜೇಡರಹುಳ ಕಚ್ಚುತ್ತದೆ. ಕಚ್ಚಿಸಿಕೊಂಡವಳು ಮಾತು ಬಿಡುತ್ತಾಳೆ, ಊಟ ಬಿಡುತ್ತಾಳೆ, ಮೂಲೆ ಹಿಡಿಯುತ್ತಾಳೆ. ಅವಳ ಮುಂದೆ ಈ ತಾಳ ಬಾರಿಸಿದರೆ ಎದ್ದು ಕುಣಿಯುತ್ತಾಳೆ. ಮೂರು ದಿನ ಕುಣಿದರೆ ವಿಷ ಇಳಿಯುತ್ತದೆ. "ನಮ್ಮ ಅಮ್ಮನಿಗೂ ಬಾರಿಸಿತ್ತು. ಅಮ್ಮ ಚೆನ್ನಾಗಿ ಆಯಿತು."

ರೇವಣಪ್ಪ ಒಳಬಾಗಿಲ ಕಡೆ ನೋಡಿದ. ಅವನ ಹೆಂಡತಿ ಶಂಕರಮ್ಮ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದಸರೆಯ ಹೊತ್ತಿಗೆ ಅವಳ ಎಂಟು ತಿಂಗಳ ಕೂಸು ಪ್ಲೇಗಿನಲ್ಲಿ ಹೋಗಿತ್ತು. ಅಂದಿನಿಂದ ಅವಳು ಮಾತಾಡಿರಲಿಲ್ಲ, ಒಲೆ ಹಚ್ಚಿರಲಿಲ್ಲ, ಗಂಡನನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಹೆಂಡತಿಯನ್ನು ಏಳಿಸಲಾರದವನೆಂದು ಊರಿನ ಗಂಡಸರು ಅವನನ್ನು ಆಡಿಕೊಳ್ಳುತ್ತಿದ್ದರು.

ಜೋಳದ ಕೊಯ್ಲಿನ ವಾರ ರೇವಣಪ್ಪ ಅವಳನ್ನು ರಟ್ಟೆ ಹಿಡಿದು ಹೊಲಕ್ಕೆ ಕರೆದೊಯ್ದ. ಮಾರನೆಯ ಬೆಳಗ್ಗೆ ಗಯೆತಾನೊನ ಬಳಿ ಬಂದ. "ನಮ್ಮೋಳಿಗೂ ಹುಳ ಕಚ್ಚೈತೆ ಕಣಪ್ಪ. ಬಾರ್ಸು."

ಗಯೆತಾನೊ ಕಚ್ಚಿದ ಗುರುತು ಕೇಳಲಿಲ್ಲ. ತನ್ನನ್ನು ಬದುಕಿಸಿದ ಮನೆಗೆ ತಾನೂ ಒಂದು ಉಪಕಾರ ಮಾಡಬಹುದೆಂದು ಸಂತೋಷಪಟ್ಟ.

ಶಂಕರಮ್ಮನನ್ನು ಕಣದಲ್ಲಿ ತಂದು ಕೂರಿಸಿದರು. ಅವನು ಅವಳ ಪಾದಗಳನ್ನೇ ನೋಡುತ್ತ ಮೆಲ್ಲಗೆ ಬಾರಿಸಿದ. ಬಹಳ ಹೊತ್ತಿನ ಮೇಲೆ ಒಂದು ಬೆರಳು ಅಲುಗಿತು. ಅವನು ಆ ಬೆರಳನ್ನು ಹಿಡಿದು ನಡೆಸುವವನಂತೆ ಏಟುಗಳನ್ನು ಹತ್ತಿರ ತಂದ. ಶಂಕರಮ್ಮ ಎದ್ದಳು, ತೂಗಿದಳು, ಕುಣಿದಳು. ತುರುಬು ಬಿಚ್ಚಿತು. ಸತ್ತ ಕೂಸಿನ ಹೆಸರು ಹಿಡಿದು ಅತ್ತಳು. ಕರಿಬಸಮ್ಮ ಸೆರಗು ಬಾಯಿಗೊತ್ತಿಕೊಂಡು ತಾನೂ ಅತ್ತಳು. ಕೊನೆಗೆ ಶಂಕರಮ್ಮ ಕುಸಿದು ಕೂತು, "ಸಾಕು" ಎಂದಳು. ನಾಲ್ಕು ತಿಂಗಳಲ್ಲಿ ಅವಳಾಡಿದ ಮೊದಲ ಮಾತು.

ಗಯೆತಾನೊ ಕೈ ನಿಲ್ಲಿಸಿದ. "ಮುಗಿಯಿತು. ಹೆಂಗಸು ಸಾಕು ಅಂದರೆ ಸಾಕು."

"ಮೂರು ದಿನ ಅಂತ ನೀನೇ ಹೇಳಿದ್ದು," ಎಂದ ರೇವಣಪ್ಪ.

ಎರಡನೆಯ ದಿನ ಶಂಕರಮ್ಮ ಏಳಲಿಲ್ಲ. ಅವಳ ಹಿಂದೆ ಇಬ್ಬರು ಹುಣಸೆ ಬರಲು ಹಿಡಿದು ನಿಂತದ್ದನ್ನು ಕಂಡು ಗಯೆತಾನೊ ಬಾರಿಸಲು ಒಪ್ಪಲಿಲ್ಲ. ರೇವಣಪ್ಪ ವಾದ್ಯವನ್ನು ಅವನ ಕೈಯಿಂದ ಕಿತ್ತುಕೊಂಡ. ಅದೇ ಮೂರು ಏಟು, ಮತ್ತೆ ಮೂರು ಏಟು, ಒಂದೂ ತಪ್ಪದೆ. ಕೂತರೆ ಬರಲಿನ ಏಟು ಬೀಳುತ್ತಿತ್ತು. ಕಣದಂಚಿನ ಜೋಳದ ಕೂಳೆಯ ಮೇಲೆ ಅವಳನ್ನು ಕುಣಿಸಿದರು.

"ಹುಳ ಇಲ್ಲ," ಎಂದು ಗಯೆತಾನೊ ನಡುವೆ ನುಗ್ಗಿದ. "ಕಚ್ಚಿಲ್ಲ. ಈ ಹೆಂಗಸಿಗೆ ಮಗು ಸತ್ತಿದೆ, ಅಷ್ಟೇ."

"ಹುಳ ಇಲ್ದಿದ್ರೆ ನಿನ್ನೆ ನೀನ್ಯಾಕೆ ಬಾರಿಸ್ದೆ?"

ಗಯೆತಾನೊ ರೇವಣಪ್ಪನ ಕೈಯಲ್ಲಿದ್ದ ವಾದ್ಯಕ್ಕೆ ಕೈ ಹಾಕಿದ. ಚಿಕ್ಕಬೀರಪ್ಪ ಅವನ ತೋಳು ಹಿಡಿದು ಹೊರಗೆ ತಂದ. "ನಾನು ತರೀಕೆರೆಗೆ ಹೋಗಿ ಅಮಲ್ದಾರರಿಗೆ ಹೇಳುತ್ತೆ," ಎಂದ ಗಯೆತಾನೊ.

"ಏನಂತ ಹೇಳ್ತೀಯಪ್ಪಾ? ಗಂಡ ಹೆಂಡ್ತಿಗೆ ಔಸ್ದಿ ಮಾಡಿಸ್ತಾವ್ನೆ ಅಂತಲಾ? ಔಸ್ದಿ ತಂದೋನು ನೀನೇ ಅಲ್ವಾ?" ಚಿಕ್ಕಬೀರಪ್ಪ ಅವನ ಮುಖ ನೋಡದೆ ಹೇಳಿದ. ತಮ್ಮನನ್ನೂ ಅವನು ತಡೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಶಂಕರಮ್ಮ ಬಿದ್ದಳು. ನೀರೆರಚಿದರು. ಎದ್ದವಳು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಒಲೆ ಹಚ್ಚಿದಳು.

"ಇಳೀತು ನೋಡ್ರಪ್ಪ," ಎಂದ ರೇವಣಪ್ಪ. ಜನ ತಲೆದೂಗಿದರು.

ಕೂಳೆ ಚುಚ್ಚಿದ ಅವಳ ಎಡಗಾಲು ಕೀವುಗಟ್ಟಿ, ಎರಡು ಬೆರಳು ಹೋದವು. ಗಯೆತಾನೊ ಊರು ಬಿಡುವ ದಿನ ಅವಳು ಕುಂಟುತ್ತ ಬಾವಿಯಿಂದ ಬರುತ್ತಿದ್ದಳು. ಅವನು ಕೈ ಮುಗಿದ. ಅವನ ಬಾಯಿಂದ ಅವನ ಊರಿನ ಮಾತೇ ಬಂತು.

ಶಂಕರಮ್ಮ ಕೊಡ ಇಳಿಸಲಿಲ್ಲ. "ಮೊದಲ್ನೇ ದಿನ ನನ್ ಕೂಸನ್ನ ನೆನೆಸ್ಕೊಂಡು ಕಣ್ತುಂಬ ಅತ್ತೆ ಕಣಪ್ಪ," ಎಂದಳು. "ಈಗ ನೆನೆಸ್ಕೊಳ್ಳಾಕೂ ಹೆದ್ರಿಕೆ."

ಅವನು ಬರಿಗೈಯಲ್ಲಿ ಸ್ಟೇಷನ್ನಿಗೆ ನಡೆದ. ವಾದ್ಯವನ್ನು ರೇವಣಪ್ಪ ಕೊಡಲಿಲ್ಲ.

ಯುಗಾದಿ ಕಳೆದ ಮೇಲೆ ಎಮ್ಮೆದೊಡ್ಡಿ ಕಡೆಯಿಂದ ಒಂದು ಗಾಡಿ ಬಂತು. ಕಲ್ಲಮ್ಮ ಎಂಬ ಹೊಸ ಸೊಸೆ, ಹದಿನಾರರ ಹುಡುಗಿ, ಊಟ ಬಿಟ್ಟು ಮೂಲೆ ಹಿಡಿದಿದ್ದಾಳೆಂದು ಅತ್ತೆ ಕೈ ಮುಗಿದಳು. ಹುಳವೇ ಕಚ್ಚಿರಬೇಕು ಎಂದಳು. ರೇವಣಪ್ಪ ಕಣ ಗುಡಿಸಲು ಹೇಳಿ, ಒಳಗಿದ್ದ ಹೆಂಡತಿಯನ್ನು ಕೂಗಿದ. ವಾಸಿಯಾದವಳು ಎದುರಿಗಿದ್ದರೆ ಬಂದವರಿಗೆ ಧೈರ್ಯ.

ಶಂಕರಮ್ಮ ಬಂದು ಹುಡುಗಿಯನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ನಿಲ್ಲಿಸಿದಳು. ತಾಳ ಶುರುವಾಯಿತು. ಅವಳು ಹುಡುಗಿಯ ಕಿವಿಗೆ ಬಾಯಿಟ್ಟು, "ಕೂರ್‌ಬ್ಯಾಡ ಕಣವ್ವ," ಎಂದಳು. "ಸಾಕು ಅಂತಾನೂ ಅನ್‌ಬ್ಯಾಡ."