ಅವ್ವನ ತಪಾಸಣೆ

“ಕೈ ಎತ್ತು, ಓಜೆಲ್ಲಾ. ತಲೆ ಮುಟ್ಟಬೇಕು. ಕಿವಿ ಕೇಳಿಸುತ್ತೆ ತಾನೆ? ಎತ್ತು!”

ನಮ್ಮ ಕರಿಯರ ಕೇರಿಯಲ್ಲಿ ಮುದುಕರೂ ಅವ್ವನನ್ನು ಬರಿ ಹೆಸರು ಹಿಡಿದು ಕರೆಯುವುದಿಲ್ಲ; ತಪಾಸಣೆಗೆ ಬಂದ ಈ ಬಿಳಿ ಹುಡುಗ ಕರೆದ. ಅವ್ವ ಎಡಗೈ ಎತ್ತಿ ತಲೆ ಮುಟ್ಟಿಕೊಂಡಳು. ಬಲ ಭಾಗಕ್ಕೆ ಲಕ್ವ ಹೊಡೆದಿತ್ತು.

“ಸ್ನಾನ ಯಾರು ಮಾಡಿಸ್ತಾರೆ?”

“ನಾನೇ ಮಾಡ್ಕತೀನಿ.”

“ಅವ್ವಾ!” ಎಂದೆ.

“ಸುಮ್ಕಿರೇ ವರ್ಲೀನ್. ಹತ್ತಿ ಬಿಡಿಸಿ ನಿಮ್ಮುನ್ನೆಲ್ಲ ಸಾಕಿದೋಳು ನಾನು. ಈ ಹುಡುಗುನ್ ಮುಂದೆ ನನ್ ಬತ್ಲೆ ಮೈ ಇಚಾರ ಮಾತಾಡ್ಲಾ?”

ಸರ್ಕಾರದ ಆಸಾಮಿ ‘ಸ್ನಾನ ತಾನೇ’ ಎಂದು ಟ್ಯಾಬ್‌ನಲ್ಲಿ ಒತ್ತಿಕೊಂಡ. ಅಲಬಾಮಾದ ಈ ಮೂಲೆಗೆ ಅವನು ವರ್ಷಕ್ಕೊಮ್ಮೆ ಬರುತ್ತಾನೆ. ಬಡವರ ಆರೈಕೆಗೆಂದು ಸರ್ಕಾರ ಕೊಡುವ ಮೆಡಿಕೇಡ್ ದುಡ್ಡಿನಲ್ಲಿ ಕೋರಾ ಎಂಬಾಕೆ ದಿನವೂ ಬಂದು ಅವ್ವನ ಮೈತೊಳೆದು ಉಣಿಸುತ್ತಾಳೆ. ಅದರಿಂದಲೇ ನಾನು ಮೀನಿನ ಕಾರ್ಖಾನೆಯಲ್ಲಿ ಕತ್ತಿ ಹಿಡಿದು ದುಡಿಯುತ್ತಿದ್ದೇನೆ. ಅವ್ವ ಗಟ್ಟಿಯಾಗಿದ್ದಾಳೆ ಎಂದು ಇವನು ಬರೆದು ಕೋರಾಳನ್ನು ನಿಲ್ಲಿಸಿದರೆ ನನ್ನ ಕೆಲಸವೂ ಹೋಗುತ್ತದೆ.

“ಸುಳ್ಳು ಸಾರ್,” ಎಂದೆ. “ಹೇಲು ಉಚ್ಚೆ ಎಲ್ಲಾ ಹಾಸ್ಗೇಲೇ. ಕೋರಾ ಬರ್ದಿದ್ರೆ ಅದ್ರಲ್ಲೇ ಬಿದ್ದಿರ್ತಾಳೆ.”

ಅವ್ವ ನನ್ನತ್ತ ನೋಡಿದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವಳ ಮುಖ ಹಾಗೆ ಕುಸಿದಿರಲಿಲ್ಲ.

ಅವನು ನಕ್ಕ. “ನೀವೆಲ್ಲ ಇದೇ ಹಾಡು ಹಾಡ್ತೀರ. ಮುದುಕಿ ಗಟ್ಟಿಯಾಗೇ ಇದಾಳೆ. ಕೋರಾ ವಾರಕ್ಕೊಂದ್ಸಲ ಬಂದ್ರೆ ಸಾಕು.”

ಅವ್ವ ಅವನನ್ನೇ ದಿಟ್ಟಿಸುತ್ತ ಕೂತಿದ್ದಳು. ಕುರ್ಚಿಯ ಕೆಳಗೆ ಮೊದಲು ಹನಿ, ಆಮೇಲೆ ಧಾರೆ. ಹಲಗೆಯ ನೆಲದ ಮೇಲೆ ಹರಿದು ಅವನ ಬೂಟಿನ ತನಕ ಬಂತು. ಅವನು ಧಡಕ್ಕನೆ ಎದ್ದ.

“ನೋಡ್ದೇನ್ಲಾ? ಬರ್ಕೋ.”

“ಥೂ! ಬೇಕಂತಲೇ ಮಾಡಿದೀಯ!”

“ಹೂಂ ಕಣ್ಲಾ. ದಿನಾ ಬ್ಯಾಡ ಅಂದ್ರೂ ಆಯ್ತದೆ, ಇವತ್ತು ಬೇಕೂಂತ ಮಾಡ್ದೆ. ಬರ್ಕೋ, ಬೋಳಿಮಗನೆ!”

ಅವನ ಮುಖ ಕೆಂಪಾಯಿತು. “ಸರಿ, ಬರ್ಕೋತೀನಿ. ಇಷ್ಟು ಕೆಟ್ಟಿರೋಳನ್ನ ಮನೇಲಿಡೋಕಾಗಲ್ಲ. ನರ್ಸಿಂಗ್ ಹೋಮ್‌ಗೆ ಹಾಕಿ. ಖರ್ಚು ಸರ್ಕಾರ ಕೊಡುತ್ತೆ.”

“ಸುಮ್ನೆ ಕೊಡ್ತದಾ? ಅವ್ವ ಸತ್ಮೇಲೆ?” ಎಂದೆ.

“ಈ ಮನೆ ಮಾರಿಸಿ ವಸೂಲು ಮಾಡುತ್ತೆ. ಕಾನೂನು.”

ಬಿಳಿ ದಣಿಯ ಹೊಲದಲ್ಲಿ ಪಾಲಿಗೆ ದುಡಿದು, ಹಲಗೆ ಹಲಗೆ ಕೂಡಿಸಿ ನಮ್ಮ ತಾತ ಕಟ್ಟಿದ ಮನೆ ಇದು. ಅವ್ವ ಹುಟ್ಟಿದ್ದೂ ಇದರಲ್ಲೇ.

“ಒಪ್ಪಿಗೆ ಅಂತ ಇಲ್ಲಿ ಸಹಿ,” ಎಂದು ಅವನು ಟ್ಯಾಬ್ ಮುಂದೆ ಹಿಡಿದ.

ಅವ್ವ ಎಡಗೈ ಚಾಚಿ ಅದನ್ನು ತೆಗೆದುಕೊಂಡಳು. ಮಡಿಲಲ್ಲಿಟ್ಟು ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿಯ ಪಕ್ಕಕ್ಕೆ, ನಿಂತ ಉಚ್ಚೆಯೊಳಕ್ಕೆ ಬಿಟ್ಟಳು.

ನಾನು ಬಟ್ಟೆ ತರಲು ಹೊರಟೆ.

“ಕುಂತ್ಕೋ ವರ್ಲೀನ್. ಅವ್ನೇ ಬಗ್ಗಿ ಎತ್ಕಳ್ಳಿ.”

ನಾನು ಕೂತೆ. ಟ್ಯಾಬ್‌ನ ಬೆಳಕು ನೆಲದಲ್ಲಿ ಇನ್ನೂ ಉರಿಯುತ್ತಿತ್ತು. ಅವನು ಒಮ್ಮೆ ನನ್ನನ್ನು, ಒಮ್ಮೆ ತನ್ನ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ.