ಬಾಣಂತಿಯ ಹೆಂಡಕ್ಕೆ ಯಾವ ನೀರು?

ವರ್ಷದ ಅತಿ ಸಣ್ಣ ಹಗಲು ನಮ್ಮೂರಿಗೆ ಮಂಜು ಹೊದ್ದುಕೊಂಡೇ ಬರುತ್ತದೆ. ಗುಡ್ಡದ ಕಿತ್ತಳೆ ಗಿಡಗಳು ಅರ್ಧ ಕಾಣುತ್ತವೆ, ಅರ್ಧ ಕರಗಿರುತ್ತವೆ. ಹಳ್ಳ ಮಾತ್ರ ನಿದ್ದೆಗಣ್ಣಿನಲ್ಲಿ ಏನೋ ಗುನುಗುತ್ತಾ ಕಲ್ಲುಗಳ ನಡುವೆ ಇಳಿಯುತ್ತಿರುತ್ತದೆ. ಆ ದಿನದ ನೀರಿಗೆ ತೂಕ ಹೆಚ್ಚು, ಅದರಿಂದ ಮಾಡಿದ ಅಕ್ಕಿಹೆಂಡ ವರ್ಷ ಕಳೆದರೂ ಹುಳಿಯಾಗುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ಮನೆಯಲ್ಲಿ ಬಸುರಿ ಇದ್ದರಂತೂ ಅವಳ ಬಾಣಂತನದ ಹೆಂಡಕ್ಕೆ ಅದೇ ನೀರು ಬೇಕು.

ಈ ಸಲ ಬಸುರಿ ಇದ್ದದ್ದು ಸಾನ್‌ಮೋಯ್ ಅಜ್ಜಿಯ ಮನೆಯಲ್ಲಿ. ಮೊಮ್ಮಗನ ಹೆಂಡತಿ ಹ್ವೇಲಾನ್‌ಗೆ ಏಳು ತಿಂಗಳು. ಹೆರಿಗೆಯಾದ ಮೇಲೆ ತಿಂಗಳಿಡೀ ಅವಳು ಕುಡಿಯಬೇಕಾದದ್ದು ಆ ಹೆಂಡದಲ್ಲಿ ಕೋಳಿ, ಶುಂಠಿ ಹಾಕಿ ಕುದಿಸಿದ ಸಾರು.

ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಹೆಗಲ ಮೇಲಿನ ಬಿದಿರು ಗಳುವಿನಲ್ಲಿ ಎರಡು ಬಕೆಟ್ ಹಳ್ಳದ ನೀರು ತೂಗಿಸಿಕೊಂಡು ಬಂದರು. ಕೈಯಲ್ಲೊಂದು ಪುಟ್ಟ ಬುಟ್ಟಿ, ಅದರಲ್ಲಿ ಹಳ್ಳದ ತಳದಿಂದ ಕೆರೆದು ತಂದ ಹಳದಿ ಕೆಸರು. ಹೆಂಡದ ಜಾಡಿಯ ಬಾಯಿಗೆ ಮೆತ್ತಲು.

ಆರೋಗ್ಯ ಕಾರ್ಯಕರ್ತೆ ಯುನ್‌ಶ್ಯಾ ಆಗಲೇ ಬಂದು ಹ್ವೇಲಾನ್‌ಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದಳು.

"ಅಜ್ಜೀ, ಆ ನೀರು ಎಲ್ಲಿಂದ ತಂದ್ರಿ?"

"ಇನ್ನೆಲ್ಲಿಂದ ತರ್ಲಿ, ಚಂದ್ರನಿಂದಾನಾ? ಹಳ್ಳದಿಂದ."

"ಅಂಗಳದಲ್ಲೇ ನಲ್ಲಿ ಇದೆಯಲ್ಲ?"

"ನಲ್ಲಿ ನೀರು ಪಾತ್ರೆ ತೊಳೆಯೋಕೆ. ನೋಡಿಲ್ಲಿ, ಈ ಕೆಸರು ಸೋಯಾ ತೋಫುವಿನ ಹಾಗೆ ಎಷ್ಟು ನುಣ್ಣಗಿದೆ!"

"ಮೊದ್ಲು ಕೈ ತೊಳ್ಕೊಳ್ಳಿ ಅಜ್ಜಿ. ಆ ಹಳ್ಳದ ನೆತ್ತಿ ಮೇಲಿನ ಗುಡ್ಡ ಮರೆತುಬಿಟ್ರಾ?"

ಆ ಗುಡ್ಡವನ್ನು ಯಾರು ಮರೆಯುತ್ತಾರೆ? ಒಂದು ಕಾಲದಲ್ಲಿ ಅದರ ಮೈತುಂಬ ತೂತು ಕೊರೆದು, ರಾಸಾಯನಿಕ ಹೊಯ್ದು, ಮಣ್ಣಿನೊಳಗಿನ ವಿರಳ ಲೋಹಗಳನ್ನು ತೊಳೆದು ತೆಗೆದಿದ್ದರು. ಫೋನಿಗೆ, ಮೋಟಾರಿಗೆ ಬೇಕಂತೆ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿ ಈಗ ಅಲ್ಲಿ ಹುಲ್ಲು ಬೆಳೆದಿದೆ.

"ಆಗ ಹಳ್ಳ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಮೀನು ತೇಲ್ತಿದ್ವು. ನಾನೂ ಮುಟ್ತಿರ್ಲಿಲ್ಲ," ಎಂದರು ಅಜ್ಜಿ. "ಈಗ ಅದ್ರಲ್ಲಿ ಬಗ್ಗಿ ನೋಡಿದ್ರೆ ಹುಬ್ಬಿನ ಕೂದಲು ಎಣಿಸ್ಬಹುದು."

"ಆ ಬಿಳೀದೆಲ್ಲ ಎಲ್ಲಿಗೆ ಹೋಯ್ತು?"

"ಹರ್ಕೊಂಡು ಹೋಯ್ತು."

"ಸ್ವಲ್ಪ ಹೋಯ್ತು. ಉಳಿದದ್ದು ತಳಕ್ಕೆ ಇಳೀತು. ಅದರಲ್ಲಿ ಸ್ವಲ್ಪ ಈಗ ನಿಮ್ಮ ಬುಟ್ಟೀಲಿ ಕೂತಿದೆ."

ಅಜ್ಜಿ ಬುಟ್ಟಿಯನ್ನು ನೋಡಿದರು. ಕೆಸರು ಏನೂ ಅರಿಯದ ಮಗುವಿನಂತೆ ಮಲಗಿತ್ತು.

"ಚಳಿಗಾಲದಲ್ಲಿ ಹಳ್ಳ ತೆಳ್ಳಗಾಗಿರುತ್ತೆ ಅಜ್ಜಿ. ಬಕೆಟ್ ಅದ್ದಿದ್ರೆ ತಳ ತಾಗುತ್ತೆ, ಮಲಗಿದ್ದೆಲ್ಲ ಏಳುತ್ತೆ. ನೀರಿಗಿಂತ ಹೂಳಲ್ಲೇ ಲೋಹ ಹೆಚ್ಚು ಅಂತ ಪರೀಕ್ಷೆ ವರದಿ ಬಂದಿದೆ. ವಿರಳ ಲೋಹದ ಜೊತೆ ಸೀಸವೂ ಇದೆ."

"ಇದೇ ನೀರು ಕುಡಿದು ಐದು ಹೆತ್ತಿದ್ದೀನಿ ಕಣೇ! ನೀನು ಎಷ್ಟು ಹೆತ್ತೆ?"

"ಒಂದೇ. ಆದ್ರೆ ನೀವು ಹೆರುವಾಗ ಗುಡ್ಡಕ್ಕೆ ತೂತು ಬಿದ್ದಿರ್ಲಿಲ್ಲ."

ಹ್ವೇಲಾನ್ ತಲೆ ತಗ್ಗಿಸಿ ನಕ್ಕಳು. ಅಜ್ಜಿ ಅವಳತ್ತ ಒಮ್ಮೆ ದುರುಗುಟ್ಟಿ, "ಆಯ್ತು, ಚೆನ್ನಾಗಿ ಕುದಿಸ್ತೀನಿ. ಹಬೇಲಿ ಎಲ್ಲ ಹೋಗುತ್ತೆ," ಎಂದರು.

"ಕುದಿಸಿದ್ರೆ ರೋಗದ ಕ್ರಿಮಿ ಸಾಯುತ್ತೆ. ಲೋಹಕ್ಕೆ ಜೀವ ಎಲ್ಲಿದೆ ಸಾಯೋಕೆ? ಸಾರು ಒಲೆ ಮೇಲೆ ಮರೆತ್ರೆ ಏನಾಗುತ್ತೆ ಹೇಳಿ."

"ಉಪ್ಪುಪ್ಪಾಗುತ್ತೆ," ಎಂದಳು ಹ್ವೇಲಾನ್ ಮೆಲ್ಲಗೆ. "ಮೊನ್ನೆ ಅದಕ್ಕೇ ಬೈಸ್ಕೊಂಡೆ."

"ಹಾಂ! ನೀರು ಹೋಯ್ತು, ಉಪ್ಪು ಉಳೀತು. ಇದೂ ಹಾಗೇ. ಇಷ್ಟು ಕುಡಿದ್ರೆ ಇಂಥದ್ದೇ ಆಗುತ್ತೆ ಅಂತ ನಾನು ಹೆದರಿಸಲ್ಲ. ಆದ್ರೆ ಸೀಸ ಹೊಟ್ಟೇಲಿರೋ ಮಗುವಿಗೆ ಒಳ್ಳೇದಲ್ಲ. ತಾಯಿ ಹಾಲಿಗೂ ಇಳಿಯುತ್ತೆ. ತಿಂಗಳಿಡೀ ಯಾಕೆ ಕುಡಿಸ್ಬೇಕು?"

ಅಜ್ಜಿ ಹೊಸ್ತಿಲ ಮೇಲೆ ಕುಳಿತರು. ಮಂಜಿನೊಳಗಿಂದ ಹಳ್ಳದ ಸದ್ದು ಬರುತ್ತಲೇ ಇತ್ತು, ಯಾರೋ ದೂರದಲ್ಲಿ ಕೂತು ತಲೆ ಬಾಚುತ್ತಾ ಹಾಡಿಕೊಂಡಂತೆ.

"ಮದುವೆಯಾಗಿ ಬಂದ ದಿನ ನಮ್ಮತ್ತೆ ಮೊದ್ಲು ಕುಡಿಸಿದ್ದೇ ಈ ನೀರು," ಎಂದರು ಕೊನೆಗೆ. "ಇದಕ್ಕೆ ಯಾವಾಗ ವಾಸಿಯಾಗುತ್ತೆ?"

"ಗೊತ್ತಿಲ್ಲ ಅಜ್ಜಿ. ಸದ್ಯಕ್ಕೆ ನಾವು ಕಲಕದೆ ಬಿಟ್ರೆ ಅದೇ ದೊಡ್ಡದು."

ಅಜ್ಜಿ ಎದ್ದು, ಬಕೆಟ್ ಹಿಡಿದು ಸಾಸಿವೆ ಸೊಪ್ಪಿನ ಮಡಿಯತ್ತ ನಡೆದರು.

"ಸೊಪ್ಪಿಗೆ ಬೇಡ ಅಜ್ಜೀ! ಮಕ್ಕಳು ತಿನ್ನೋದಲ್ವಾ? ಇನ್ಮೇಲೆ ಹಳ್ಳದ ಹೂಳನ್ನೂ ಗೊಬ್ಬರ ಅಂತ ಮಡಿಗೆ ಹಾಕ್ಬೇಡಿ."

"ಕುಡಿಯೋಕೂ ಬೇಡ, ಚೆಲ್ಲೋಕೂ ಬೇಡ. ನೀನು ಬಂದ್ರೆ ಇದೇ ಗೋಳು," ಎಂದು ಗೊಣಗಿದರೂ ಅಜ್ಜಿ ನೀರನ್ನೂ ಕೆಸರನ್ನೂ ಹಳ್ಳಕ್ಕೇ ಮರಳಿಸಿ ಬಂದರು. ಕೈಯನ್ನು, ಬಕೆಟ್ಟನ್ನು ತಿಕ್ಕಿ ತೊಳೆದರು. ಆಮೇಲೆ ನಲ್ಲಿ ತಿರುಗಿಸಿದರು. ಅದು ಆಚೆ ಗುಡ್ಡದ ಕೆರೆಯಿಂದ, ಪರೀಕ್ಷೆಯಾಗಿ ಬರುವ ನೀರು.

"ನಲ್ಲೀಲಿ ಬಂದ್ರೇನು, ಇದೂ ಇವತ್ತಿನ ನೀರೇ ತಾನೆ?" ಎಂದು ಯಾರನ್ನೂ ನೋಡದೆ ಕೇಳಿದರು.

"ಇವತ್ತಿನದೇ ಅಜ್ಜಿ," ಎಂದಳು ಯುನ್‌ಶ್ಯಾ. "ಜಾಡಿಯ ಬಾಯಿಗೆ ಒಣ ಬಿದಿರೆಲೆ, ಬಟ್ಟೆ ಬಿಗಿದು ಕಟ್ಟಿ, ಸಾಕು."

ಹೆಂಡಕ್ಕೆಂದು ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯ ಪರಿಮಳ ಮನೆ ತುಂಬಿತು. ಅನ್ನ ಆರಿಸುತ್ತಾ ಹ್ವೇಲಾನ್ ಹೇಳಿದಳು: "ನಂಗೂ ಒಳಗೊಳಗೇ ಭಯ ಇತ್ತು ಅಜ್ಜಿ. ನೀವು ಪ್ರೀತಿಯಿಂದ ಕೊಡೋದನ್ನ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

"ಬಾಯಿ ಇರೋದು ಬರೀ ಕಿತ್ತಳೆ ತಿನ್ನೋಕಾ? ಮಗು ನಿಂದು. ನನ್ನ ಮುಖ ನೋಡ್ತಾ ಕೂತ್ಕೋಬೇಡ, ಹೇಳು!" ಎಂದು ಗದರಿದ ಅಜ್ಜಿ, ಬೆಚ್ಚಗಿನ ಅನ್ನದ ಉಂಡೆಯೊಂದನ್ನು ಅವಳ ಬಾಯಿಗಿಟ್ಟರು.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಹಳ್ಳದ ಮೇಲ್ಗಡೆಯೂ ಹಿಂದೆ ಗಣಿ ಇದ್ದಿರಬಹುದು, ಈಗಲೂ ಇರಬಹುದು. ನೀರು ತಿಳಿಯಾಯಿತೆಂದು ನಂಬಿ ಕುಡಿಯಬೇಡಿ, ಕುದಿಸಿದೆವಲ್ಲ ಎಂದು ಸಮಾಧಾನ ಪಡಬೇಡಿ. ನೀರಿನ ಜೊತೆಗೆ ತಳದ ಹೂಳನ್ನೂ ಪರೀಕ್ಷೆ ಮಾಡಿಸಿ ಎಂದು ಕೇಳಿ. ವರದಿ ಬರುವ ತನಕ ಆ ಹೂಳು ತರಕಾರಿ ಮಡಿಗೂ ಬೇಡ, ಅಡುಗೆ ಮನೆಗೂ ಬೇಡ. ಮನೆಯಲ್ಲಿ ಬಸುರಿ ಇದ್ದರೆ ಅವಳು ಬಾಯಿ ಬಿಟ್ಟು ಹೇಳಲಿ ಎಂದು ಕಾಯಬೇಡಿ. ಇವತ್ತೇ ನೀವಾಗಿ ಕೇಳಿ: "ನೀನು ಕುಡಿಯೋ ನೀರು ಎಲ್ಲಿಂದ ಬರುತ್ತೆ, ಮಗಳೇ?"