ಮೂರನೆಯ ರೀಲು

ತೊಂಬತ್ಮೂರನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ, ಶ್ರೀರಂಗಪಟ್ಟಣದ ಹೈಸ್ಕೂಲೊಂದರ ಹಾಲಿನ ಕಿಟಕಿಗಳಿಗೆಲ್ಲ ಕಂಬಳಿ ಇಳಿಬಿಟ್ಟು ಮಂಚಯ್ಯ ಪ್ರೊಜೆಕ್ಟರನ್ನು ಸಜ್ಜು ಮಾಡಿದ. ಟಾಕೀಸಿನಲ್ಲಿ ಇಪ್ಪತ್ತು ವರ್ಷ ಸಿನಿಮಾ ಓಡಿಸಿದ ಕೈ ಅದು. ಕಾಲೇಜು ಮೇಷ್ಟ್ರು ಮಂಜುನಾಥ ಕಟ್ಟಿದ ಚಿತ್ರಸಂಘಕ್ಕೆ ಅವನೇ ಆಪರೇಟರು.

ಅವತ್ತು ಫ್ರೆಂಚ್ ಸಿನಿಮಾ. ಆ ದೇಶದ ಸಿನಿಮಾಗಳಲ್ಲಿ ಜನ ಓಡಿ ಓಡಿ ಕಡೆಗೆ ಸಮುದ್ರದ ದಂಡೆಗೇ ಬಂದು ನಿಲ್ಲುತ್ತಾರೆ, ಅಲ್ಲಿಂದ ಮುಂದೆ ಹೆಜ್ಜೆಯಿಡಲು ನೆಲವಿಲ್ಲ ಎಂದು ಮೇಷ್ಟ್ರು ವಿವರಿಸಿದರು. ಮಂಚಯ್ಯನ ಗಮನ ಹೆಂಗಸರ ಸಾಲಿನ ಮೇಲಿತ್ತು. ಅರಕೆರೆಯಿಂದ ಬಸ್ಸು ಹಿಡಿದು ಅವನ ತಂಗಿ ದ್ಯಾವಮ್ಮ ಬಂದು ಕೂತಿದ್ದಳು. ಏಳು ವರ್ಷದ ಮಗಳು ಸಹನ ನಾಲೆಯ ಪಾಲಾದ ಮೇಲೆ ಎರಡು ವರ್ಷ ಅವಳು ಊರು ಬಿಟ್ಟು ಹೊರಟವಳಲ್ಲ. ಬರುತ್ತೇನೆಂದು ಅಣ್ಣನಿಗೆ ಹೇಳಿಯೂ ಇರಲಿಲ್ಲ.

ಹಿಂದಿನ ದಿನವೇ ಒಮ್ಮೆ ಓಡಿಸಿ ನೋಡಿದ್ದರಿಂದ ಮೂರನೆಯ ರೀಲಿನಲ್ಲಿ ಏನಿದೆಯೆಂದು ಮಂಚಯ್ಯನಿಗೆ ಗೊತ್ತಿತ್ತು. ಮರಳಿನ ಮೇಲೆ ತಾಯಿ ನಿದ್ದೆ ಹೋಗುತ್ತಾಳೆ. ಹಳದಿ ಫ್ರಾಕಿನ ಮಗು ಅಲೆಗಳ ಕಡೆ ನಡೆಯುತ್ತದೆ.

ಎರಡನೆಯ ರೀಲು ಮುಗಿದು ದೀಪ ಹತ್ತಿದಾಗ ಅವನು ಮೇಷ್ಟ್ರ ಬಳಿ ಹೋಗಿ ಮುಂದಿನದನ್ನು ಬಿಟ್ಟುಬಿಡೋಣವೇ ಎಂದ. ಸಿನಿಮಾದ ಜೀವವೇ ಅದು ಎಂದು ಅವರು ನಕ್ಕರು. ಅಷ್ಟು ಜನರ ಮುಂದೆ ಕಾರಣ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತಂಗಿಯ ಹತ್ತಿರ ಹೋಗಿ ಬಸ್ಸು ತಪ್ಪುತ್ತದೆ, ಹೊರಡು ಎಂದ.

"ಇನ್ನೂ ಹೊತ್ತೈತೆ ಬುಡಣ್ಣ," ಎಂದಳು ದ್ಯಾವಮ್ಮ. ಮುಖದಲ್ಲಿ ಎಳೆ ನಗುವಿತ್ತು. ಅದನ್ನು ಕಂಡ ಮೇಲೆ ಅವನು ಹಿಂತಿರುಗಿ ಮೂರನೆಯ ರೀಲು ಏರಿಸಿದ.

ಮಗು ನೀರಿನ ಅಂಚಿಗೆ ಬಂದಾಗ ಮಂಚಯ್ಯ ಲೆನ್ಸಿಗೆ ಅಂಗೈ ಅಡ್ಡ ಹಿಡಿದ. ಕತ್ತಲಲ್ಲಿ ಶಿಳ್ಳೆ ಎದ್ದಿತು. ಮೇಷ್ಟ್ರು ಓಡಿ ಬಂದು ಅವನ ಕೈ ಎಳೆದರು. ಪರದೆಯ ಮೇಲೆ ಬರೀ ಮರಳು, ಬರೀ ನೀರು, ಎದ್ದು ಹುಡುಕುತ್ತಿರುವ ತಾಯಿ.

ದೀಪ ಹತ್ತಿದಾಗ ದ್ಯಾವಮ್ಮ ಪ್ರೊಜೆಕ್ಟರಿನ ಪಕ್ಕಕ್ಕೆ ಬಂದು ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ನಮ್ ಮಗು ತೂಬಿನತ್ರ ಸಿಕ್ತು. ಆ ನೀರಿಗೆ ಆಚೆ ದಡಾನೇ ಇಲ್ವಲ್ಲಣ್ಣ, ಆಯಮ್ಮ ಎಲ್ಲೀಂತ ಉಡುಕ್ತಾಳೆ? ಮುಂದ್ಕೆ ಸಿಗ್ತದಾ?"

ಮಂಚಯ್ಯ ತಲೆ ತಗ್ಗಿಸಿ ನಾಲ್ಕನೆಯ ರೀಲು ಏರಿಸಿದ. ಅದರಲ್ಲೂ ಮಗು ಸಿಗುವುದಿಲ್ಲ. ದ್ಯಾವಮ್ಮ ಅವನ ಪಕ್ಕದಲ್ಲೇ ನಿಂತು, ಪರದೆಯಿಂದ ಕಣ್ಣು ಕೀಳದೆ ನೋಡತೊಡಗಿದಳು.